ಕಿವಿಯಿಂದ ಆಡಿದ ನಾಲ್ಕು ನಿಮಿಷ

"ನಮ್ಮಪ್ಪ ಯಾವತ್ತೂ ಹಿಂದಿನಿಂದ್ಲೇ ಹೊಡೀತಿದ್ದ. ಎದುರಿಗೆ ನಿಂತು ಹೊಡೆದಿದ್ರೆ ಬಗ್ಗಬಹುದಿತ್ತು, ಕೈ ಅಡ್ಡ ಇಡಬಹುದಿತ್ತು. ಅವನದು ಹಂಗಲ್ಲ. ಒಲೆ ಮುಂದೆ ಕೂತು ಸೂಪು ಕುಡೀತಿರ್ತೀವಿ, ತಲೆ ಹಿಂದೆ ಕುದುರೆ ಪಟ್ಟಿ ಬೀಳುತ್ತೆ. ಯಾಕೆ ಅಂತ ಕೇಳಂಗಿಲ್ಲ, ಕೇಳಿದ್ರೆ ಇನ್ನೊಂದು. ನಾವು ಏಳು ಜನ ಗಂಡುಮಕ್ಕಳು, ನಾನೇ ಕೊನೇವ್ನು. ಕೊಟ್ಟಿಗೆ ಹಿಂದಿನ ಕೆರೆ ಹೆಪ್ಪುಗಟ್ಟಿದ ಕೂಡ್ಲೇ ಹಾಕಿ ಆಟ ಶುರು. ಚೆಂಡಿನ ಬದ್ಲು ಹೊಡೆಯೋ ರಬ್ಬರ್ ಬಿಲ್ಲೆ ನಮ್ಗೆಲ್ಲಿಂದ ಬರಬೇಕು? ಕುದುರೆ ಲದ್ದೀನ ಹೊರಗೆ ಬಿಟ್ರೆ ಬೆಳಗಾಗೋದ್ರೊಳಗೆ ಕಲ್ಲಾಗಿರೋದು. ಅದೇ ಬಿಲ್ಲೆ. ಎಲ್ಲರಿಗಿಂತ ಚಿಕ್ಕವನು ಗೋಲಿಗೆ ನಿಲ್ಲಬೇಕು. ಮೊಣಕಾಲಿಂದ ಕೆಳಗೆ ಅಂಗಡಿಯೋರ ದಪ್ಪ ಬೆಲೆಪಟ್ಟಿ ಪುಸ್ತಕ ಕಟ್ಟೋರು, ಮುಖಕ್ಕೆ ಏನೂ ಇಲ್ಲ. ಮೊದಲ್ನೇ ದಿನಾನೇ ನಮ್ಮಣ್ಣ ಅದೆಲಾರ್ ಹೊಡೆದಿದ್ದು ನೆಟ್ಟಗೆ ಬಾಯಿಗೆ ಬಂತು. ಎರಡು ಹಲ್ಲು ಹೋಯ್ತು. ಬಾಯಲ್ಲಿ ಅರ್ಧ ರಕ್ತ, ಅರ್ಧ ಲದ್ದಿ. ಎಲ್ಲಾ ಬಿದ್ದು ಬಿದ್ದು ನಗ್ತಿದ್ರು. ನಾನು ಅಳ್ತಿಲ್ಲ ಅಂತ ನೋಡಿ ಒಬ್ಬೊಬ್ಬರೇ ನಗೋದು ನಿಲ್ಲಿಸಿದ್ರು. ಯಾಕೆ ಅಳ್ಲಿಲ್ಲ ಗೊತ್ತಾ ಮತಾಂತ್? ಬರೋದು ಕಾಣ್ತಾ ಇತ್ತು. ಹುಟ್ಟಿದಾಗಿಂದ ಮೊದಲ್ನೇ ಸಲ ಏಟು ಎದುರಿಂದ ಬಂದಿತ್ತು. ಹೊಡೆಯೋನ ಮುಖ ಕಾಣ್ತಿತ್ತು, ನನ್ನ ಕೈಲೂ ಒಂದು ಕೋಲಿತ್ತು. ಇದಕ್ಕಿಂತ ಒಳ್ಳೇ ಜಾಗ ಈ ಲೋಕದಲ್ಲಿ ನಂಗೆ ಸಿಗಲ್ಲ ಅಂತ ಅವತ್ತೇ ಗೊತ್ತಾಯ್ತು. ಎದ್ದು ಉಗಿದೆ. 'ಇನ್ನೊಂದು ಹೊಡಿ' ಅಂದೆ."

ಓವಿಲಾ ತ್ರೆಪಾನ್ಯೇ ಇಷ್ಟುದ್ದ ಮಾತಾಡಿದ್ದು ಅದೊಂದೇ ಸಲ. ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು, ಕೈಯಲ್ಲಿದ್ದ ಆಲೂಗಡ್ಡೆಯನ್ನು ತಿರುಗಿಸುತ್ತ ಹೇಳಿದ. ಮತಾಂತ್ ಎಂದರೆ ನಮ್ಮ ಭಾಷೆಯಲ್ಲಿ ಚಿಕ್ಕಮ್ಮ. ನಾನು ಅವನಿಗೆ ಚಿಕ್ಕಮ್ಮನೂ ಅಲ್ಲ, ದೊಡ್ಡಮ್ಮನೂ ಅಲ್ಲ. ಕೊರ್ಬೋ ಊರಿನಲ್ಲಿ ಗಣಿ ಕೆಲಸಗಾರರಿಗೆ ಊಟ, ಹಾಸಿಗೆ ಕೊಡುವ ಮನೆ ನನ್ನದು. ಹತ್ತು ಮಂಚ, ಒಂದು ಒಲೆ. ಬಂದವರೆಲ್ಲ ನನ್ನನ್ನು ಮತಾಂತ್ ದೆಲಿಮಾ ಎಂದೇ ಕರೆಯುವುದು.

ಅವನು ಬಂದದ್ದು ಸಾವಿರದ ಒಂಬೈನೂರ ನಲವತ್ನಾಲ್ಕರ ಶರತ್ಕಾಲದಲ್ಲಿ. ಒಂದು ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಹೆಗಲ ಮೇಲೆ ಕಾಲಿಗೆ ಕಟ್ಟುವ ಎರಡು ದಪ್ಪ ಪ್ಯಾಡು. ಮೂಗು ಆಗಲೇ ಎರಡು ಕಡೆ ಮುರಿದಿತ್ತು. ಚಿನ್ನದ ಗಣಿಯವರಿಗೆ ತಮ್ಮದೇ ಹಾಕಿ ತಂಡವಿತ್ತು; ಆಡುವವರಿಗೆ ಗಣಿಯಲ್ಲೇ ಕೆಲಸ. ಮಿಕ್ಕವರನ್ನು ಸುರಂಗಕ್ಕೆ ಇಳಿಸಿದರೂ ಗೋಲ್‌ಕೀಪರನನ್ನು ಇಳಿಸುತ್ತಿರಲಿಲ್ಲ. ಮೇಲೆಯೇ ದೀಪದ ಕೋಣೆಯಲ್ಲಿ ಕೂರಿಸುತ್ತಿದ್ದರು. ಇಳಿಯುವವನಿಗೆ ದೀಪ ಕೊಡಬೇಕು, ಹತ್ತಿ ಬಂದವನಿಂದ ವಾಪಸು ತೆಗೆದುಕೊಳ್ಳಬೇಕು. ಗೂಟಕ್ಕೆ ಬರಬೇಕಾದ ದೀಪ ಬರದಿದ್ದರೆ ಒಬ್ಬ ಕೆಳಗೇ ಉಳಿದಿದ್ದಾನೆಂದು ಅರ್ಥ. ಹನ್ನೊಂದು ವರ್ಷದಲ್ಲಿ ಹಾಗೆ ಆರು ಸಲ ಮೊದಲು ತಿಳಿದದ್ದು ಅವನಿಗೇ.

ತಂಡದ ಅಂಗಿಗಳನ್ನು ಒಗೆಯುವುದು, ಹೊಲಿಯುವುದು ನನ್ನ ಪಾಲಿಗೆ ಬಂದಿತ್ತು. ಹಸಿ ರಕ್ತಕ್ಕೆ ತಣ್ಣೀರು, ಉಪ್ಪು. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ. ಅಂಗಿ ನೋಡಿದರೆ ಆಟ ಹೇಗೆ ನಡೆಯಿತೆಂದು ನನಗೆ ಗೊತ್ತಾಗುತ್ತಿತ್ತು. ಮಿಕ್ಕವರದು ಮೊಣಕೈ, ಮುಷ್ಟಿ, ತೋಳು. ಅಲ್ಲಿರುವ ರಕ್ತ ಹೆಚ್ಚಾಗಿ ಬೇರೆಯವರದು. ಓವಿಲಾನದು ಯಾವಾಗಲೂ ಕೊರಳಿಂದ ಎದೆಗೆ ಇಳಿದಿರುತ್ತಿತ್ತು, ಎಲ್ಲ ಅವನದೇ.

ಆಗ ಯಾರೂ ಮುಖಕ್ಕೆ ಏನೂ ಹಾಕಿಕೊಳ್ಳುತ್ತಿರಲಿಲ್ಲ. ತಂಡಕ್ಕೆ ಒಬ್ಬನೇ ಗೋಲ್‌ಕೀಪರ್. ಅವನ ಮುಖ ಸೀಳಿದರೆ ಆಟ ನಿಲ್ಲುತ್ತಿತ್ತು. ಐಸಿನ ಕಣದ, ಅಂದರೆ ರಿಂಕಿನ, ಪಕ್ಕದ ಕೋಣೆಯಲ್ಲಿ ಡಾಕ್ಟರು ಹೊಲಿಯುವ ತನಕ ಎರಡೂ ತಂಡ ಬೆಂಚಿನ ಮೇಲೆ ಕೂತು ಕಾಯುವುದು. ಮರಗಟ್ಟಿಸುವ ಸೂಜಿ ಚುಚ್ಚುವಂತಿಲ್ಲ, ಚುಚ್ಚಿದರೆ ರೆಪ್ಪೆ ಊದಿ ಕಣ್ಣು ಮುಚ್ಚುತ್ತದೆ. ಹಸಿ ಹಸಿಯಾಗಿಯೇ ಹೊಲಿಸಿಕೊಂಡು ಅವನು ಐಸಿನ ಮೇಲೆ ಬಂದನೋ, ಸಾವಿರದ ಇನ್ನೂರು ಜನ ಕಾಲಡಿಯ ಹಲಗೆ ತುಳಿಯಲು ಶುರುಮಾಡುವರು. ನಮ್ಮೂರಿನ ಪದ್ಧತಿ ಅದು. ಆಟ ಮುಗಿದ ಗಂಟೆ ಬಾರಿಸುವವರೆಗೆ ತುಳಿತ ನಿಲ್ಲಬಾರದು. ನಿಂತರೆ ಗೋಲು ಬೀಳುತ್ತದೆಂದು ನಂಬಿಕೆ. ಸೂಲಂಗಿತ್ತಿ, ಪಾದ್ರಿ, ಗಣಿಯ ಗುಮಾಸ್ತೆ, ಎಲ್ಲರೂ ತುಳಿಯುವರು. ನಾನೂ ಎಷ್ಟು ಸಲ ತುಳಿದಿದ್ದೇನೋ ಲೆಕ್ಕವಿಲ್ಲ.

ಅವನ ಅಣ್ಣ ಅದೆಲಾರ್ ಮೂವತ್ತು ಮೈಲಿಯಾಚೆಯ ಹಾಲ್ಡೇನ್ ತಂಡದಲ್ಲಿ ಮುಂಚೂಣಿಯಲ್ಲಿ ಆಡುತ್ತಿದ್ದ. ಬಾಯಿಗೆ ಲದ್ದಿ ಹೊಡೆದವನು ಅವನೇ. ಮರದ ಮಿಲ್ಲಿನ ಗರಗಸ ಅವನ ಬಲಗೈಯ ಕೊನೆಯ ಎರಡು ಬೆರಳು ತಿಂದಿತ್ತು. ಭಾನುವಾರ ಪೂಜೆ ಮುಗಿಸಿಕೊಂಡು ನನ್ನ ಮನೆಗೆ ಬರುವನು, ಹಂದಿಮಾಂಸ ಹಾಕಿ ಬೇಯಿಸಿದ ಬೀನ್ಸ್ ಎರಡು ತಟ್ಟೆ ತಿನ್ನುವನು, ತಮ್ಮನನ್ನು ಕೆಣಕುವನು.

"ಏನೋ, ಮುಖ ಇನ್ನೂ ಐತಾ? ಕಳೆದ ವಾರ ನಾನು ಹೊಡೆದಿದ್ದು ಸಾಕಾಗ್ಲಿಲ್ಲ ಅನ್ಸುತ್ತೆ."

"ನೀನು ಹೊಡೆದಿದ್ದಾ? ನಾನು ಯಾರೋ ಕೆಮ್ಮಿದ್ರು ಅನ್ಕೊಂಡೆ."

"ಮತಾಂತ್, ಇವನಿಗೆ ಬೀನ್ಸ್ ಹಾಕ್ಬೇಡಿ. ಅಗಿಯೋಕೆ ಹಲ್ಲೆಲ್ಲಿದೆ?"

"ನಿಂಗೆ ಚಮಚ ಹಿಡಿಯೋಕೆ ಬೆರಳೆಲ್ಲಿದೆ?"

ಮಾರ್ಚ್ ತಿಂಗಳ ಪಂದ್ಯಗಳು ಶುರುವಾದರೆ ಮಾತ್ರ ಮಾತು ಬಂದ್. ಆಗ ಅವರಿಬ್ಬರೂ ರಸ್ತೆಯಲ್ಲಿ ಎದುರಾದರೂ ಗುರುತಿಲ್ಲದವರ ಹಾಗೆ ಹೋಗುತ್ತಿದ್ದರು. ಎಲ್ಲ ಆಟಗಾರರೂ ಹಾಗೆಯೇ. ತಾಯಿ ಸತ್ತರೂ ಸುದ್ದಿಯನ್ನು ಮೂರನೆಯವರ ಕೈಲಿ ಹೇಳಿಕಳಿಸಬೇಕು.

ಐವತ್ತೊಂದರ ಚಳಿಗಾಲದಲ್ಲಿ ಹಾಲ್ಡೇನ್‌ನಲ್ಲಿ ಬಲೆಯ ಮುಂದೆ ಆರೇಳು ಜನ ಒಬ್ಬರ ಮೇಲೊಬ್ಬರು ಬಿದ್ದರು. ಅಡಿಯಲ್ಲಿ ಓವಿಲಾ ಬಿಲ್ಲೆಯನ್ನು ಹೊಟ್ಟೆಗೆ ಅವುಚಿಕೊಂಡಿದ್ದ. ಯಾರದೋ ಕೋಲಿನ ತುದಿ ಎಡಗಣ್ಣಿಗೆ ಹೊಕ್ಕಿತು. ಹನ್ನೊಂದು ಹೊಲಿಗೆ ಬಿತ್ತು. ಅಂಗಿಯನ್ನು ನಾನು ಮೂರು ನೀರಿನಲ್ಲಿ ಹಿಂಡಿದರೂ ಕೆಂಪು ಬಿಡುತ್ತಲೇ ಇತ್ತು. ಹತ್ತು ದಿನ ಬಿಟ್ಟು ಅವನು ಮತ್ತೆ ಆಡಿದ. ಕಣ್ಣು ಹೇಗಿದೆಯೆಂದು ಕೇಳಿದವರಿಗೆಲ್ಲ, "ನಿಮ್ಮ ಮುಖ ಕಾಣುವಷ್ಟು ಕೆಟ್ಟದಾಗಿದೆ" ಎಂದು ನಗುತ್ತಿದ್ದ.

ಆ ವರ್ಷದ ಲೆಂಟ್ ಉಪವಾಸದ ದಿನಗಳಲ್ಲಿ ಒಂದು ಬೆಳಿಗ್ಗೆ ಅವನು ಬಟ್ಟಲಿಗೆ ಹಾಲು ಸುರಿದುಕೊಂಡ. ಹಾಲು ಬಟ್ಟಲಿನ ಪಕ್ಕಕ್ಕೆ, ಮೇಜಿನ ಮೇಲೆ ಬಿತ್ತು. ಮಾರನೆಯ ದಿನವೂ ಹಾಗೆಯೇ. ಮೂರನೆಯ ದಿನ ಅವನು ಹೂಜಿಯ ಮೂತಿಯನ್ನು ಬಟ್ಟಲಿನ ಅಂಚಿಗೆ ತಾಗಿಸಿ, ಟಕ್ ಎಂದ ಮೇಲೆ ಸುರಿದ. ನಾನು ಬ್ರೆಡ್ಡಿನ ತಟ್ಟೆಯನ್ನು ಸದ್ದಿಲ್ಲದೆ ಅವನ ಎಡಕ್ಕಿಟ್ಟೆ. ಅವನು ಬ್ರೆಡ್ಡು ಎಲ್ಲಿ ಎಂದು ಕೇಳಿದ.

"ನಿನ್ನ ಮೊಣಕೈ ಹತ್ರಾನೇ ಇದೆಯಲ್ಲೋ," ಎಂದೆ.

ಅವನು ಎದ್ದು ಬಾಗಿಲು ಹಾಕಿ ಬಂದ.

"ಎಷ್ಟು ದಿನದಿಂದ ಗೊತ್ತು ನಿಮ್ಗೆ?"

"ಹಾಲು ಚೆಲ್ಲಿದ ದಿನದಿಂದ. ಪೂರ್ತಿ ಹೋಗಿದ್ಯಾ?"

"ಬೆಳಕಿದೆಯೋ ಇಲ್ವೋ ಅಷ್ಟು ಗೊತ್ತಾಗುತ್ತೆ. ಮಿಕ್ಕಿದ್ದೆಲ್ಲ ಹಿಟ್ಟು ಕಲಸಿದ ನೀರು."

"ಕಂಪನಿ ಡಾಕ್ಟರು ಪರೀಕ್ಷೆ ಮಾಡಿದ್ರಲ್ಲ."

ಅವನಿಗೆ ನಗು ಬಂತು. "ಒಂದು ಕಣ್ಣು ಮುಚ್ಕೊಂಡು ಓದು ಅಂದ್ರು. ಬಲಗೈಯಲ್ಲಿ ಎಡಗಣ್ಣು ಮುಚ್ಕೊಂಡು ಓದ್ದೆ. ಈಗ ಇನ್ನೊಂದು ಅಂದ್ರು. ಎಡಗೈಯಲ್ಲಿ ಅದೇ ಎಡಗಣ್ಣು ಮುಚ್ಕೊಂಡೆ. ಅವರು ಕಾಗದ ಬರೀತಾ ಇದ್ರು, ತಲೆ ಎತ್ಲಿಲ್ಲ. ಎರಡೂ ಕಣ್ಣು ಒಂದೇ ಸಮ ಚೆನ್ನಾಗಿದೆ ಅಂತ ಮೊಹರು ಹಾಕಿದ್ರು."

"ಬಿಟ್ಟುಬಿಡೋ ಓವಿಲಾ. ಇನ್ನೊಂದೂ ಹೋದ್ರೆ ಏನು ಗತಿ?"

"ಒಕ್ಕಣ್ಣನ್ನ ಬಲೆ ಮುಂದೆ ನಿಲ್ಸಲ್ಲ. ಬಲೆ ಮುಂದೆ ನಿಲ್ಲದೋನನ್ನ ದೀಪದ ಕೋಣೇಲಿ ಇಡಲ್ಲ. ಒಕ್ಕಣ್ಣನ್ನ ಸುರಂಗಕ್ಕೂ ಇಳಿಸಲ್ಲ, ಮರ ಕಡಿಯೋಕೂ ಕರ್ಕೊಳಲ್ಲ. ನಾನೆಲ್ಲಿಗೆ ಹೋಗ್ಲಿ? ಅಪ್ಪನ ಮನೆಗಾ?"

ಗೋಡೆಯ ಮೇಲಿದ್ದ ನನ್ನ ಜಪಮಾಲೆಯನ್ನು ತಂದು ನನ್ನ ಕೈಗಿಟ್ಟ. ಯಾರಿಗೂ ಹೇಳುವುದಿಲ್ಲವೆಂದು ಆಣೆ ಮಾಡಿದೆ. ಮಾಡಬಾರದಿತ್ತು. ಮಾಡಿದೆ.

ನಾಲ್ಕು ವರ್ಷ ಅವನು ಒಂದೇ ಕಣ್ಣಿನಲ್ಲಿ ಬಲೆ ಕಾದ. ಎಡಗಂಬಕ್ಕೆ ಒರಗಿಕೊಂಡು ನಿಲ್ಲುವುದು, ಕೋಲಿನಿಂದ ಎರಡೂ ಕಂಬವನ್ನು ಟಕ್ ಟಕ್ ಎಂದು ತಟ್ಟಿ ಜಾಗ ನೋಡಿಕೊಳ್ಳುವುದು, ಮಿಕ್ಕದ್ದು ಕಿವಿ. "ಹೊಡೆಯೋಕೆ ಮುಂಚೆ ಸ್ಕೇಟಿನ ಅಲಗು ಐಸನ್ನ ಅಗೆಯುತ್ತೆ ಮತಾಂತ್, ಕರ್ ಅಂತ. ಆ ಸದ್ದು ಎಡಗಡೆಯಿಂದ ಬಂದ್ರೆ ಕಾಲು ಚಾಚ್ತೀನಿ," ಎನ್ನುವನು. ಊರವರು ಓವಿಲಾನಿಗೆ ವಯಸ್ಸಾದಂತೆ ಚಾಳಿಗಳು ಜಾಸ್ತಿಯಾದವು ಎಂದುಕೊಂಡರು.

ಕೋಚ್ ಪಿರೀ ಹಾಗಂದುಕೊಳ್ಳಲಿಲ್ಲ. ಅವನು ಸ್ಕಾಟ್ಲೆಂಡಿನ ಕಡೆಯವನು, ಗಣಿಯಲ್ಲಿ ಮೇಸ್ತ್ರಿ, ಯುದ್ಧಕ್ಕೆ ಹೋಗಿಬಂದವನು. ಎಡಗಡೆ ಮೇಲಕ್ಕೆ ಹೊಡೆದ ಬಿಲ್ಲೆಗೆ ಓವಿಲಾ ತಡವಾಗಿ ತಲೆ ತಿರುಗಿಸುವುದು ಅವನ ಕಣ್ಣಿಗೆ ಬಿದ್ದಿತ್ತು. ಭಯವೆಂದು ತೀರ್ಮಾನಿಸಿದ. ಭಯಕ್ಕೆ ಅವನ ಬಳಿ ಒಂದೇ ಔಷಧ.

ಐವತ್ತೈದರ ಜನವರಿಯಲ್ಲಿ ಒಗೆದ ಅಂಗಿಗಳ ಬುಟ್ಟಿ ಹೊತ್ತು ಮಧ್ಯಾಹ್ನ ರಿಂಕಿಗೆ ಹೋದೆ. ಗಣಿಯ ಕುದುರೆಯ ಚರ್ಮದ ಪಟ್ಟಿ ತಂದು ಓವಿಲಾನ ಸೊಂಟವನ್ನು ಬಲೆಯ ಮೇಲುಕಂಬಿಗೆ ಬಿಗಿದಿದ್ದರು. ಕೋಲು ಕಿತ್ತುಕೊಂಡಿದ್ದರು. ಹದಿನಾಲ್ಕು ಜನ ಸಾಲಾಗಿ ನಿಂತು, ಹತ್ತು ಹೆಜ್ಜೆಯಿಂದ, ಎಡಕ್ಕೆ, ಮೇಲಕ್ಕೆ ಹೊಡೆಯುತ್ತಿದ್ದರು.

"ಕಣ್ಣು ಬಿಟ್ಕೊಂಡಿರು," ಎಂದು ಪಿರೀ ಕೂಗುತ್ತಿದ್ದ. "ಕಣ್ಣು ಮುಚ್ಚಿದ್ರೆ ಇನ್ನೊಂದು ಸುತ್ತು."

ಕಿವಿ ಹರಿಯಿತು. ಕೆನ್ನೆಯ ಮೂಳೆಯ ಮೇಲೆ ಒಂದು ಬಿತ್ತು. ಹಸಿ ಸೌದೆ ಸೀಳಿದ ಹಾಗೆ ಸದ್ದು. ಹಾಲಿಸ್ ಎಂಬ ಹೊಸ ಆಟಗಾರ, ಇಪ್ಪತ್ತೆರಡು ವರ್ಷದವನು, ಹೊಡೆದದ್ದು ಬಾಯಿಗೆ ಬಿತ್ತು. ಉಳಿದಿದ್ದ ಮುಂದಿನ ಹಲ್ಲುಗಳು ಐಸಿನ ಮೇಲೆ ಚೆಲ್ಲಿದವು. ಹಾಲಿಸ್ ಕೋಲು ಕೆಳಗಿಳಿಸಿ, "ಸಾಕು ಬಿಡಿ ಕೋಚ್, ಸತ್ತುಹೋಗ್ತಾನೆ," ಎಂದ.

"ನಿಂಗೂ ಪಟ್ಟಿ ಬೇಕಾ?" ಎಂದ ಪಿರೀ. ಹಾಲಿಸ್ ಮತ್ತೆ ಹೊಡೆದ.

ಅವನಿಗೆ ಆ ಕಡೆ ಕಣ್ಣಿಲ್ಲವೆಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅಂಗಿಯ ಬುಟ್ಟಿಯ ಮೇಲಿನಿಂದ ನೋಡಿದರೆ ಓವಿಲಾನ ಒಂದು ಕಣ್ಣು ನನ್ನನ್ನೇ ನೋಡುತ್ತಿತ್ತು, ಬೇಡವೆಂದು ಅವನು ತಲೆ ಅಲ್ಲಾಡಿಸಿದ. ಬಾಯಿ ಮುಚ್ಚಿಕೊಂಡೆ.

ಪಟ್ಟಿ ಬಿಚ್ಚಿದಾಗ ಅವನು ಮೊಣಕಾಲ ಮೇಲೆ ಕುಸಿದ, ಎದ್ದ, ನೆಟ್ಟಗೆ ಹಾಲಿಸ್‌ನ ಹತ್ತಿರ ಹೋದ. ಕೈಗವಸು ಕಳಚಿ ಒಂದೇ ಗುದ್ದು. ಹಾಲಿಸ್‌ನ ಮೂಗು ಪಕ್ಕಕ್ಕೆ ತಿರುಗಿತು. ಬಿದ್ದವನ ಮೇಲೆ ಕೂತು ಇನ್ನೆರಡು ಗುದ್ದಿದ. ಯಾರೂ ಬಿಡಿಸಲಿಲ್ಲ, ಅದು ಅವನಿಗೆ ಸಲ್ಲಬೇಕಾದದ್ದೆಂದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ತನ್ನದೇ ಕರವಸ್ತ್ರ ತೆಗೆದು ಹಾಲಿಸ್‌ನ ಮೂಗಿಗೊತ್ತಿ, "ಕೈ ಚೆನ್ನಾಗಿದೆ ಕಣೋ ನಿಂದು," ಎಂದ. "ಇದೇ ರೀತಿ ಹಾಲ್ಡೇನ್ ಮೇಲೆ ಹೊಡಿ."

ಪಿರೀಗೆ ಸಂತೋಷವಾಯಿತು. ಭಯ ಬಿಟ್ಟಿತೆಂದುಕೊಂಡ.

ಮಾರ್ಚ್ ಬಂತು. ನಮಗೂ ಹಾಲ್ಡೇನ್‌ಗೂ ಏಳು ಆಟಗಳ ಪಂದ್ಯ. ಮೂರು ಅವರು ಗೆದ್ದರು, ಮೂರು ನಾವು. ಆರು ಆಟದಲ್ಲಿ ಎರಡು ತೋಳು, ಒಂದು ಕೊರಳ ಮೂಳೆ ಮುರಿದಿದ್ದವು. ಹಾಲ್ಡೇನ್‌ನ ರೈಲ್ವೆ ನಿಲ್ದಾಣದ ಮುಂದೆ ನಮ್ಮವರ ಬಸ್ಸಿನ ಗಾಜುಗಳನ್ನು ಪುಡಿ ಮಾಡಿದ್ದರು. ಏಳನೆಯದು ನಮ್ಮೂರಲ್ಲಿ, ಭಾನುವಾರ ಮಧ್ಯಾಹ್ನ. ಪಾದ್ರಿಗಳು ಪೂಜೆಯನ್ನು ಅರ್ಧ ಗಂಟೆ ಮೊದಲೇ ಮುಗಿಸಿದರು.

ಆಟದ ಕೊನೆಯ ಭಾಗದಲ್ಲಿ ನಮ್ಮದು ಮೂರು ಗೋಲು, ಅವರದು ಎರಡು. ಏಳು ನಿಮಿಷ ಬಾಕಿ. ಹಾಲ್ಡೇನ್‌ನವನೊಬ್ಬ ದೂರದಿಂದ ನೆಲಮಟ್ಟದಲ್ಲೇ ಹೊಡೆದ ಬಿಲ್ಲೆ ಹಾಲಿಸ್‌ನ ಮೊಣಕಾಲಿಗೆ ತಾಗಿ ಚಿಮ್ಮಿತು. ಓವಿಲಾನ ಬಲ ಹುಬ್ಬಿನ ಮೇಲೆ ಬಿತ್ತು. ಅವನು ಹಿಮ್ಮುಖವಾಗಿ ಬಲೆಯೊಳಕ್ಕೆ ಬಿದ್ದ. ಬಿಲ್ಲೆ ಹೊರಗೇ ಉಳಿಯಿತು. ರಕ್ತ ಎರಡು ಮಾರು ದೂರ ಹಾರಿತ್ತು.

ಬಟ್ಟೆ, ಬಿಸಿನೀರು ಒದಗಿಸುವುದು ನನ್ನ ಕೆಲಸವಾದ್ದರಿಂದ ಕೋಣೆಯೊಳಗೆ ನಾನಿದ್ದೆ. ಡಾಕ್ಟರು ಹದಿನೇಳು ಹೊಲಿಗೆ ಹಾಕಿದರು. ಓವಿಲಾ ಮೇಜಿನ ಅಂಚು ಹಿಡಿದು ಮಲಗಿದ್ದ, ಅವನ ಎರಡು ಉಗುರು ಮರಕ್ಕೆ ಸಿಕ್ಕಿ ಕಿತ್ತುಬಂದವು. ಬಲಗಣ್ಣು ಪ್ಲಮ್ ಹಣ್ಣಿನ ಹಾಗೆ ಊದಿ ಮುಚ್ಚಿಹೋಗಿತ್ತು.

"ಇದು ಒಂದು ವಾರ ತೆರೆಯಲ್ಲ," ಎಂದರು ಡಾಕ್ಟರು. "ಅದೃಷ್ಟ, ಎಡಗಣ್ಣಿದೆ. ಏಳು ನಿಮಿಷಕ್ಕೆ ಒಂದು ಸಾಕು. ಇದೆಷ್ಟು ಬೆರಳು?"

ಡಾಕ್ಟರು ಎರಡು ಬೆರಳು ಎತ್ತಿದ್ದರು.

"ಎರಡು," ಎಂದ ಓವಿಲಾ.

ಡಾಕ್ಟರು ಕೈ ತೊಳೆಯಲು ಹೋದರು. ನಾನು ಬಗ್ಗಿ ಅವನ ಕಿವಿಯಲ್ಲಿ ಕೇಳಿದೆ, "ಕಾಣ್ತಾ?"

"ಡಾಕ್ಟರುಗಳು ಯಾವಾಗ್ಲೂ ಎರಡೇ ತೋರ್ಸೋದು ಮತಾಂತ್."

"ಹೋಗ್ಬೇಡ. ನಿನ್ನ ಕಾಲು ಹಿಡ್ಕೋತೀನಿ. ಅದರ ಮೇಲೆ ಇನ್ನೊಂದು ಬಿದ್ರೆ ಕಣ್ಣೂ ಇಲ್ಲ, ಏನೂ ಇಲ್ಲ. ನಾನು ಹೇಳ್ಬಿಡ್ತೀನಿ."

"ಆಣೆ ಮಾಡಿದೀರಿ," ಎಂದ. ಮತ್ತೆ ಮೆತ್ತಗೆ, "ಏಳು ನಿಮಿಷ. ಕಿವಿ ಇದೆಯಲ್ಲ. ಬಾಗಿಲ ತನಕ ಬಿಡಿ, ಐಸಿನ ಮೇಲೆ ದಾರಿ ನಂಗೊತ್ತು."

ನಾನೇ ಅವನನ್ನು ಬಾಗಿಲ ತನಕ ಬಿಟ್ಟೆ. ಅದೊಂದನ್ನು ನಾನು ಪಾದ್ರಿಗಳ ಮುಂದೆ ಹೇಳಿಕೊಂಡಿದ್ದೇನೆ, ಅವರು ಕ್ಷಮೆ ಕೊಟ್ಟಿದ್ದಾರೆ. ನಾನು ಕೊಟ್ಟುಕೊಂಡಿಲ್ಲ.

ಅವನು ಐಸಿಗೆ ಕಾಲಿಟ್ಟ ಕೂಡಲೇ ಹಲಗೆ ತುಳಿಯಲು ಶುರುಮಾಡಿದರು. ಸಾವಿರದ ಇನ್ನೂರು ಜೊತೆ ಬೂಟು. ಛಾವಣಿಯ ತಗಡು ನಡುಗಿತು. ಪಕ್ಕದವನು ಕಿರುಚಿದರೂ ಕೇಳದು. ನನ್ನ ಎದೆ ಒಡೆದದ್ದು ಆಗ. ಅವನಿಗೆ ಉಳಿದಿದ್ದುದು ಕಿವಿಯೊಂದೇ, ಅದನ್ನು ಊರೆಲ್ಲ ಸೇರಿ, ಪ್ರೀತಿಯಿಂದ, ಕಾಲಿನಿಂದ ತುಳಿದು ಮುಚ್ಚುತ್ತಿತ್ತು.

ಬಲೆಯ ಹಿಂದೆ ಕೋಳಿಗೂಡಿನ ತಂತಿ ಕಟ್ಟಿರುವ ಕಡೆಗೆ ಓಡಿದೆ. ಓವಿಲಾ ಕೋಲಿನಿಂದ ಕಂಬ ತಟ್ಟುತ್ತಿದ್ದ. ತಟ್ಟಿದ್ದು ಅವನಿಗೇ ಕೇಳಿಸುತ್ತಿರಲಿಲ್ಲ. ತಂತಿಗೆ ಬಾಯಿಟ್ಟು "ಎಡ, ಎಡ" ಎಂದು ಕೂಗಿದೆ. ಅವನು ನಾಲ್ಕು ಮಾರು ದೂರದಲ್ಲಿದ್ದ, ತಿರುಗಲಿಲ್ಲ. ಪಕ್ಕದಲ್ಲಿ ತುಳಿಯುತ್ತಿದ್ದ ಗುಮಾಸ್ತೆಯ ತೋಳು ಹಿಡಿದೆಳೆದು "ನಿಲ್ಸಿ, ನಿಲ್ಸೋಕೆ ಹೇಳಿ" ಎಂದೆ. ಅವನು ನನಗೆ ಹುಚ್ಚು ಹಿಡಿಯಿತೆಂಬಂತೆ ನೋಡಿ ಇನ್ನೂ ಜೋರಾಗಿ ತುಳಿದ.

ಮೊದಲ ಬಿಲ್ಲೆ ಕಂಬಕ್ಕೆ ಬಡಿದು ಹೋಯಿತು. ಎರಡನೆಯದು ಪ್ಯಾಡಿಗೆ ತಾನಾಗಿ ಬಂದು ತಾಗಿತು. ತಾಗಿದ ಮೇಲೆ ಅವನು ಅದರ ಮೇಲೆ ಬಿದ್ದ. ಜನ ಹುಚ್ಚೆದ್ದು ತುಳಿದರು. ಮೂರನೆಯದನ್ನು ಹಾಲಿಸ್ ಹೊಟ್ಟೆ ಕೊಟ್ಟು ತಡೆದ. ನಾಲ್ಕು ನಿಮಿಷ ಹೀಗೆ ಹೋಯಿತು.

ಆಗ ಅದೆಲಾರ್‌ಗೆ ಬಿಲ್ಲೆ ಸಿಕ್ಕಿತು. ಮುಂದೆ ಯಾರೂ ಇರಲಿಲ್ಲ, ತಮ್ಮನೊಬ್ಬನೇ. ಎಡಗಡೆಯಿಂದ ಬರುತ್ತಿದ್ದ, ಅವನ ಬೆನ್ನಿಗೇ ಹಾಲ್ಡೇನ್‌ನ ಇನ್ನೊಬ್ಬ. ಓವಿಲಾ ಮಂಡಿ ಬಗ್ಗಿಸಿ ಸಿದ್ಧನಾಗಿ ನಿಂತಿದ್ದ. ಮುಖ ಮಾತ್ರ ಬಲಗಡೆಯ ಖಾಲಿ ಮೂಲೆಗಿತ್ತು.

ಬಹಳ ಕಾಲದ ಮೇಲೆ ಅದೆಲಾರ್ ನನಗೆ ಹೇಳಿದ್ದು: "ಕೆರೆ ಮೇಲಿಂದ ಇಲ್ಲೀವರೆಗೂ, ಬಿಲ್ಲೆ ನನ್ನ ಹತ್ರ ಇದ್ದಾಗ ಅವನು ನನ್ನ ಬಿಟ್ಟು ಬೇರೆ ಕಡೆ ನೋಡಿದ್ದೇ ಇಲ್ಲ ಮತಾಂತ್. ಅಪ್ಪ ಹಿಂದಿನಿಂದ ಬರುವಾಗ ಗೋಡೆ ನೋಡ್ಕೊಂಡು ಕೂತಿರ್ತಿದ್ದನಲ್ಲ, ಹಂಗಿತ್ತು ಮುಖ."

ಅದೆಲಾರ್ ಹೊಡೆಯಲಿಲ್ಲ. ಬಿಲ್ಲೆಯನ್ನು ಬಿಟ್ಟು, ಬಂದ ವೇಗದಲ್ಲೇ ತಮ್ಮನ ಮೇಲೆ ಹಾರಿ ಅವನನ್ನು ಕೆಡವಿ ಮೇಲೆ ಕವುಚಿಕೊಂಡ. ಹಿಂದಿದ್ದವನು ಆಗಲೇ ಆ ಬಿಲ್ಲೆಗೆ ಕೋಲು ಬೀಸಿದ್ದ. ಓವಿಲಾನ ತಲೆಯಿದ್ದ ಎತ್ತರಕ್ಕೆ ಹೊರಟ ಬಿಲ್ಲೆ ಇನ್ನೂ ಬೀಳುತ್ತಿದ್ದ ಅದೆಲಾರ್‌ನ ಹೆಗಲ ಎಲುಬಿಗೆ ಬಡಿಯಿತು.

ನಮ್ಮವರಿಗೆ ಕಂಡದ್ದು ಬೇರೆ. ಹೊಲಿಸಿಕೊಂಡು ಬಂದ ಗೋಲ್‌ಕೀಪರನ ಮೇಲೆ ಹಾಲ್ಡೇನ್‌ನವನು ಬೇಕೆಂದೇ ಹಾರಿದ. ಗೋಲ್‌ಕೀಪರನನ್ನು ಮುಟ್ಟಿದವನಿಗೆ ಈ ಆಟದಲ್ಲಿ ಕ್ಷಮೆಯಿಲ್ಲ. ಹಾಲಿಸ್ ಮೊದಲು ತಲುಪಿದ. ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಅದೆಲಾರ್‌ನ ದವಡೆಗೆ ಬೀಸಿದ. ಕೋಲು ಮುರಿಯಿತು, ದವಡೆಯೂ. ಮಿಕ್ಕವರು ಬೆನ್ನಿಗೆ, ಪಕ್ಕೆಗೆ, ತೊಡೆಗೆ ಹೊಡೆದರು. ಒಬ್ಬ ಸ್ಕೇಟಿನ ಅಲಗಿನಿಂದ ಒದ್ದ. ಅದೆಲಾರ್ ತಲೆ ತಗ್ಗಿಸಿದನೇ ಹೊರತು ತಮ್ಮನ ಮೇಲಿಂದ ಏಳಲಿಲ್ಲ. ಹಾಲ್ಡೇನ್‌ನವರು ಬೆಂಚಿನಿಂದ ಇಳಿದು ಬಂದರು. ಜನ ಹಲಗೆ ದಾಟಿ ಐಸಿಗೆ ಧುಮುಕಿದರು. ಬಾಟಲಿ, ಮಳೆಬೂಟು, ಕುರ್ಚಿಯ ಕಾಲು, ಕೈಗೆ ಸಿಕ್ಕಿದ್ದೆಲ್ಲ ಹಾರಿತು. ರೆಫರಿಯ ಕಿವಿಯಿಂದ ರಕ್ತ ಸುರಿಯುತ್ತಿತ್ತು, ಸೀಟಿ ಊದುತ್ತಲೇ ಇದ್ದ. ಆಚೆ ಬದಿಯವರಿಗೆ ಏನಾಯಿತೆಂದು ತಿಳಿಯದೆ ಅವರಿನ್ನೂ ತುಳಿಯುತ್ತಲೇ ಇದ್ದರು.

ಅಡಿಯಲ್ಲಿದ್ದ ಓವಿಲಾನಿಗೂ ಗೊತ್ತಿರಲಿಲ್ಲ. ಕತ್ತಲೆ, ಮೈಮೇಲೆ ಯಾರದೋ ಭಾರ, ಮುಖದ ಮೇಲೆ ಬಿಸಿ ರಕ್ತ. ಅವನು ಕೆಳಗಿನಿಂದ ಮುಷ್ಟಿ ಕಟ್ಟಿ ಅಣ್ಣನ ಮುಖಕ್ಕೆ ಗುದ್ದುತ್ತಿದ್ದ. ಮುರಿದ ದವಡೆಗೇ ಗುದ್ದುತ್ತಿದ್ದ. ಅದೆಲಾರ್‌ಗೆ ಮಾತು ಬರುವ ಹಾಗಿರಲಿಲ್ಲ. ಕೈಗವಸು ಕಳಚಿಕೊಂಡು ತಮ್ಮನ ಮುಷ್ಟಿಯನ್ನು ಹಿಡಿದುಕೊಂಡ. ಮೂರು ಬೆರಳಿನ ಕೈ.

ಓವಿಲಾನ ಕೈ ನಿಂತಿತು. ಆ ಎರಡು ಮೋಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ತಂತಿಯಾಚೆಯಿಂದ ನಾನು ನೋಡುತ್ತಿದ್ದೆ.

ಆಮೇಲೆ ನಾನು ಆಣೆಯನ್ನು ಯೋಚಿಸಲಿಲ್ಲ. ಬಾಗಿಲು ತಳ್ಳಿ ಐಸಿನ ಮೇಲೆ ನಡೆದೆ, ಎರಡು ಸಲ ಬಿದ್ದೆ. ಹಾಲಿಸ್ ಮುರಿದ ಕೋಲಿನ ಮೊನೆಯನ್ನು ಮತ್ತೆ ಎತ್ತಿದ್ದ. ಅವನ ಕೊರಳಪಟ್ಟಿ ಹಿಡಿದು ಜಗ್ಗಿದೆ. ಹಾಲಿಸ್‌ಗೆ ನಮ್ಮ ಭಾಷೆ ಬರದು, ನನಗೆ ಬರುವ ಇಂಗ್ಲಿಷು ಅಂಗಡಿಗೆ ಸಾಕಾಗುವಷ್ಟು. ಅದರಲ್ಲೇ ಕೂಗಿದೆ, "ಓವಿಲಾನಿಗೆ ಕಣ್ಣಿಲ್ಲ. ಎರಡೂ ಇಲ್ಲ. ಎಡದ್ದು ನಾಲ್ಕು ವರ್ಷದಿಂದ ಇಲ್ಲ. ಇವನು ಹೊಡೀತಿಲ್ಲ, ಕಾಯ್ತಿದಾನೆ."

ಹಾಲಿಸ್ ಓವಿಲಾನ ತೆರೆದ ಎಡಗಣ್ಣಿನ ಮುಂದೆ ಕೈ ಆಡಿಸಿದ. ರೆಪ್ಪೆ ಅಲ್ಲಾಡಲಿಲ್ಲ. ಕೋಲು ಅವನ ಕೈಯಿಂದ ಜಾರಿತು. ಪಿರೀ ಹತ್ತಿರ ಬಂದು ತಾನೂ ಕೈ ಆಡಿಸಿದ, ಎರಡು ಸಲ.

"ಪಟ್ಟಿ ಕಟ್ಟಿದಾಗ್ಲೂ ಇರಲಿಲ್ವಾ?" ಎಂದ.

"ಆಗ್ಲೂ ಇರಲಿಲ್ಲ," ಎಂದೆ.

ಅವನು ಟೋಪಿ ತೆಗೆದ, ಮತ್ತೆ ಹಾಕಿಕೊಂಡ. ಸುದ್ದಿ ಸಾಲಿನಿಂದ ಸಾಲಿಗೆ ಹೋದಂತೆ ತುಳಿತ ಅಲ್ಲೊಂದು ಕಡೆ, ಇಲ್ಲೊಂದು ಕಡೆ ನಿಲ್ಲುತ್ತ ಬಂತು. ಪೂರ್ತಿ ನಿಂತಾಗ ಓವಿಲಾ ನೆಲದ ಮೇಲಿಂದ ಮೊದಲು ಕೇಳಿದ್ದು, "ಗೋಲು ಬಿತ್ತಾ?"

"ಇಲ್ಲ ಕಣೋ," ಎಂದೆ.

ಉಳಿದ ಮೂರು ನಿಮಿಷಕ್ಕೆ ನೀರು, ಬ್ಯಾಂಡೇಜು ಹೊರುವ ಆಳಿಗೆ ಓವಿಲಾನ ಪ್ಯಾಡು ಕಟ್ಟಿ ನಿಲ್ಲಿಸಿದರು. ಪಾಪ, ಅವನಿಗೆ ಸ್ಕೇಟಿನ ಮೇಲೆ ನಿಲ್ಲಲೂ ಸರಿಯಾಗಿ ಬರದು. ನಾಲ್ಕು ಗೋಲು ಬಿದ್ದವು. ಗೆದ್ದವರಿಗೆ ಕೊಡುವ ಕಪ್ಪು ಹಾಲ್ಡೇನ್‌ಗೆ ಹೋಯಿತು. ಅದನ್ನು ನನ್ನ ತಲೆಗೆ ಕಟ್ಟಿದವರು ಊರಲ್ಲಿ ಇದ್ದಾರೆ. ಮೂರು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು ಎಂದು ಮಾಂಸದ ಅಂಗಡಿಯವಳು ವರ್ಷದ ತನಕ ನನಗೆ ಬರೀ ಮೂಳೆ ತೂಗಿದಳು.

ಓವಿಲಾನ ಬಲಗಣ್ಣು ಆಸ್ಪತ್ರೆಯಲ್ಲಿ ಮೂರು ವಾರಕ್ಕೆ ತೆರೆಯಿತು. ಕೈಯಳತೆಯಲ್ಲಿರುವುದು ಕಾಣುತ್ತದೆ, ಅದರಾಚೆ ಮಂಜು. ದೀಪದ ಕೋಣೆಯ ಕೆಲಸ ವಸಂತದಲ್ಲಿ ಹೋಯಿತು. ಅವನು ಪೆಟ್ಟಿಗೆ ಕಟ್ಟಿ ಬಾಗಿಲಲ್ಲಿ ನಿಂತಿದ್ದ. "ಎಲ್ಲಿಗೆ?" ಎಂದೆ. ಅವನು ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಆಲೂಗಡ್ಡೆ ಹಾಗೇ ಬಿದ್ದಿದೆ, ಹತ್ತು ಜನಕ್ಕೆ ಆಗ್ಬೇಕು," ಎಂದೆ. ಪೆಟ್ಟಿಗೆ ಕೆಳಗಿಟ್ಟ. ಇದಾಗಿ ಇಪ್ಪತ್ತು ವರ್ಷ.

ಅದೆಲಾರ್ ಮಿಲ್ಲು ಬಿಟ್ಟು ನನ್ನ ಮನೆಯ ಒಂಬತ್ತನೆಯ ಮಂಚಕ್ಕೆ ಬಂದ. ಅವನ ದವಡೆ ಸರಿಯಾಗಿ ಕೂಡಲಿಲ್ಲ, ಅಗಿಯಲಾರ. ಹಾಲಿಸ್ ಕ್ರಿಸ್ಮಸ್ಸಿಗೆ ಒಮ್ಮೆ ಬರುತ್ತಾನೆ, ಸೊಟ್ಟ ಮೂಗು ಹೊತ್ತುಕೊಂಡು. ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತು ಹೋಗುತ್ತಾನೆ.

ಈಗ ಮಧ್ಯಾಹ್ನ ನಾಲ್ಕಾಗಿದೆ. ಓವಿಲಾ ಸಿಪ್ಪೆ ತೆಗೆದು ಆಲೂಗಡ್ಡೆಯನ್ನು ನೋಡದೆಯೇ ಬಕೆಟ್ಟಿಗೆ ಎಸೆಯುತ್ತಾನೆ. ಒಂದೂ ಹೊರಗೆ ಬೀಳುವುದಿಲ್ಲ.

"ಸಿಪ್ಪೆ ಜೊತೆ ಅರ್ಧ ಆಲೂಗಡ್ಡೇನೇ ಹೋಗ್ತಿದೆ," ಎನ್ನುತ್ತಾನೆ ಅದೆಲಾರ್, ಸೊಟ್ಟ ಬಾಯಿಯಿಂದ. "ಮತಾಂತ್‌ನ ದಿವಾಳಿ ಎಬ್ಬಿಸ್ತೀಯ ನೀನು."

"ನೀನು ಬಾಯಿ ಮುಚ್ಕೊಂಡು ಕೂತ್ಕೋ. ಮುಚ್ಚೋಕೆ ಆದ್ರೆ."

ಬೆಂದವನ್ನು ಬಸಿದು, ಉಪ್ಪು, ಬೆಣ್ಣೆ, ಹಾಲು ಹಾಕಿ, ಅದೆಲಾರ್‌ನ ತಟ್ಟೆಗೆ ಬೇಕಾದಷ್ಟನ್ನು ಬೇರೆ ತೆಗೆದು, ಒಂದು ಗಂಟೂ ಉಳಿಯದ ಹಾಗೆ ಮರದ ಕೋಲಿನಿಂದ ಹಿಸುಕುತ್ತಿದ್ದೇನೆ.